ಹಿಡಿದು ನಿಲ್ಲಿಸುವ ಕೆಲಸ

ಸೂಕ್ಷ್ಮದರ್ಶಕ ಎಂದ ಕೂಡಲೇ ನಮ್ಮ ಗಮನವೆಲ್ಲ ಗಾಜಿನ ಮೇಲೆ ಹೋಗುತ್ತದೆ. ಮಸೂರ ಎಷ್ಟು ದೊಡ್ಡದು ಮಾಡಿ ತೋರಿಸುತ್ತದೆ, ನೂರು ಪಟ್ಟೋ ಸಾವಿರ ಪಟ್ಟೋ ಎಂಬುದೇ ಮೊದಲ ಪ್ರಶ್ನೆ. ಹಿತ್ತಾಳೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಬರೀ ಕಾಲು, ಕಂಬ, ಕೊಳವೆ. ಗಾಜನ್ನು ಎತ್ತಿ ಹಿಡಿಯಲು ಇಟ್ಟುಕೊಂಡ ಆಳು. ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಇನ್ನೂರು ಮುನ್ನೂರು ವರ್ಷ ಹಳೆಯ ಉಪಕರಣವೊಂದನ್ನು ಕಂಡವರೂ ಅದರ ಹೊಳಪಿಗೆ ತಲೆದೂಗಿ ಮುಂದೆ ಹೋಗುತ್ತಾರೆ. ನನಗೇಕೋ ಈಚೆಗೆ ಆ ಆಳಿನ ಮೇಲೆಯೇ ಮನಸ್ಸು ನಿಂತಿದೆ.

ಲೆಕ್ಕ ಸರಳ. ವಸ್ತುವನ್ನು ನೂರು ಪಟ್ಟು ಹಿಗ್ಗಿಸುವ ಯಂತ್ರ ಅದರ ಅಲುಗಾಟವನ್ನೂ ನೂರು ಪಟ್ಟು ಹಿಗ್ಗಿಸುತ್ತದೆ. ಬೀದಿಯಲ್ಲಿ ಸಾರೋಟು ಹೋಯಿತು, ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು, ನೋಡುವವನೇ ಉಸಿರು ಬಿಟ್ಟ: ಅಷ್ಟಕ್ಕೇ ಚಿಗಟದ ಕಾಲು ಕಣ್ಣಿಂದ ಜಾರಿಹೋಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಶಕ್ತಿ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತಾ ಹೋಗುತ್ತದೆ; ಪ್ರಬಲ ಮಸೂರಗಳಲ್ಲಿ ಆ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅದರ ಮೇಲೂ ಮಸುಕು, ಕೆಳಗೂ ಮಸುಕು. ಅಷ್ಟು ಸಣ್ಣ ಚಲನೆ ಮನುಷ್ಯನ ಬೆರಳಿಗೆ ತಾನಾಗಿ ಬರುವಂಥದ್ದಲ್ಲ, ಯಾರಾದರೂ ಅದನ್ನು ಲೋಹದಲ್ಲಿ ಮಾಡಿಕೊಡಬೇಕು. ಅಂದರೆ ಹಿತ್ತಾಳೆಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ ವಹಿಸಿದಂತಾಯಿತು. ಒಂದಿಷ್ಟೂ ಕದಲಬಾರದು, ಕದಲು ಎಂದಾಗ ಕೂದಲೆಳೆಗಿಂತ ಕಡಿಮೆ ಕದಲಬೇಕು.

ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಈ ಸಮಸ್ಯೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಎರಡು ಲೋಹದ ತಗಡು, ನಡುವೆ ಒಂದೇ ಒಂದು ಪುಟ್ಟ ಮಸೂರ, ವಸ್ತುವನ್ನು ಚುಚ್ಚಿ ನಿಲ್ಲಿಸಲು ಒಂದು ಮೊನೆ, ಅದನ್ನು ಹತ್ತಿರ ದೂರ ಮಾಡಲು ಒರಟು ತಿರುಪುಗಳು. ಅದನ್ನು ಕಣ್ಣಿಗೆ ತೀರಾ ಒತ್ತಿ ಹಿಡಿದು ಬೆಳಕಿನತ್ತ ಮುಖಮಾಡಬೇಕು. ಉಟ್ರೆಕ್ಟಿನಲ್ಲಿ ಉಳಿದಿರುವ ಒಂದರ ಶಕ್ತಿ ಸುಮಾರು 270 ಪಟ್ಟು. ಬೇರೆಯವರು ಇದೇ ಬಗೆಯ ಮಸೂರ ಮಾಡಿದರೂ ಅವನು ಕಂಡದ್ದೆಲ್ಲ ಅವರಿಗೆ ಸುಲಭವಾಗಿ ಕಾಣಲಿಲ್ಲ. ಅವನ ಯಂತ್ರಕ್ಕೆ ಕಾಲೂ ಕಂಬವೂ ಇರಲಿಲ್ಲ, ಸ್ಥಿರತೆಯೆಲ್ಲ ಅವನ ಮೈಯಲ್ಲೇ ಇತ್ತು. 1723ರಲ್ಲಿ ಅವನು ಸತ್ತಾಗ ಅದೂ ಹೋಯಿತು. ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಉಯಿಲು ಬರೆದು ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಮುಂದಿನ ಶತಮಾನದಲ್ಲಿ ಕಾಣೆಯಾದವು, ಈವರೆಗೂ ಸಿಕ್ಕಿಲ್ಲ.

ಲಂಡನ್ನಿನವರ ದಾರಿ ಬೇರೆ. ಅಲ್ಲಿ ನೋಡುವವನು ಒಬ್ಬ, ಮಾಡುವವನು ಇನ್ನೊಬ್ಬ. ರಾಬರ್ಟ್ ಹುಕ್‌ನ 'ಮೈಕ್ರೋಗ್ರಾಫಿಯಾ' 1665ರಲ್ಲಿ ಬಂತು; ಹೇನು, ಚಿಗಟ, ಬಿರಡೆ ಮರದ 'ಕೋಶ'ಗಳನ್ನು ತೋರಿಸಿದ ಆ ಪುಸ್ತಕದ ಹೆಸರು ನಮ್ಮ ಹೈಸ್ಕೂಲು ಮಕ್ಕಳಿಗೂ ಗೊತ್ತು. ಹುಕ್‌ಗೆ ಉಪಕರಣ ಮಾಡಿಕೊಟ್ಟ ಕ್ರಿಸ್ಟೋಫರ್ ಕಾಕ್ ಎಂಬವನ ಹೆಸರು ಪರಿಣತರಿಗಷ್ಟೇ ಗೊತ್ತು. ಆ ಕಾಲದ ಕೊಳವೆ ಹಿತ್ತಾಳೆಯದಲ್ಲ, ರಟ್ಟಿನದು, ಮೇಲೆ ಚಿತ್ತಾರದ ತೊಗಲು. 1720ರ ದಶಕದಲ್ಲಿ ಎಡ್ಮಂಡ್ ಕಲ್ಪೆಪರ್ ಮೂರು ಕಾಲಿನ ಮಾದರಿಯೊಂದನ್ನು ರೂಢಿಗೆ ತಂದ. ಅದೂ ರಟ್ಟು, ತೊರಕೆ ಮೀನಿನ ಚರ್ಮ, ಗಟ್ಟಿ ಮರ. ನೋಡಲು ಅಂದವಾಗಿತ್ತು, ಅಗ್ಗವಾಗಿತ್ತು, ಹಾಗಾಗಿ ನೂರು ವರ್ಷ ಬಾಳಿತು. ಫೋಕಸ್ ಮಾಡಲು ಮಾತ್ರ ಕೊಳವೆಯನ್ನು ಕೈಯಿಂದ ಮೇಲೆ ಕೆಳಗೆ ಜರುಗಿಸಬೇಕಿತ್ತು. ಅದು ಸಲೀಸಾಗಿ ಜಾರದು. ಅಂಟಿಕೊಳ್ಳುತ್ತದೆ, ಒತ್ತಿದರೆ ಒಮ್ಮೆಗೇ ಹಾರುತ್ತದೆ, ಬೇಕಾದ ಜಾಗ ದಾಟಿಯೇ ನಿಲ್ಲುತ್ತದೆ.

ಇದರಿಂದ ರೋಸಿಹೋದವನು ಹೆನ್ರಿ ಬೇಕರ್. ವಿಚಿತ್ರ ಮನುಷ್ಯ: ಕಿವುಡ ಮಕ್ಕಳಿಗೆ ಮಾತು ಕಲಿಸಿ ಹಣ ಮಾಡಿದವನು, ಕಲಿಸುವ ಗುಟ್ಟನ್ನು ಯಾರಿಗೂ ಬಿಟ್ಟುಕೊಡದವನು, 'ರಾಬಿನ್‌ಸನ್ ಕ್ರೂಸೋ' ಬರೆದ ಡಿಫೋನ ಅಳಿಯ. ಸೂಕ್ಷ್ಮದರ್ಶಕದ ಬಗ್ಗೆ ಜನಸಾಮಾನ್ಯರಿಗೆಂದು 1742ರಲ್ಲಿ ಅವನು ಬರೆದ ಪುಸ್ತಕ ಬಹಳ ಓಡಿತು. ದಿನಾ ಬಳಸುವವನಾದ್ದರಿಂದ ಅವನ ದೂರುಗಳು ಕೈಯಿಂದ ಹುಟ್ಟಿದವು: ಕೊಳವೆ ಎಗರುತ್ತದೆ, ವಸ್ತು ಇಡಲು ಹೋದರೆ ಮೂರು ಕಾಲೂ ಅಡ್ಡ ಬರುತ್ತವೆ. ಅವನು ಈ ದೂರನ್ನು ಒಯ್ದದ್ದು ಫ್ಲೀಟ್ ಸ್ಟ್ರೀಟಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಜಾನ್ ಕಫ್ ಬಳಿಗೆ.

ಕಫ್ 1744ರ ಹೊತ್ತಿಗೆ ಕೊಟ್ಟ ಉತ್ತರ ಪೂರ್ತಿ ಹಿತ್ತಾಳೆಯದು. ಮೂರು ಕಾಲು ತೆಗೆದುಹಾಕಿದ, ಒಂದೇ ಕಂಬವನ್ನು ಪಕ್ಕಕ್ಕೆ ನಿಲ್ಲಿಸಿದ. ವಸ್ತು ಇಡುವ ಪೀಠದ ಮುಂದೆ, ಬದಿಗೆ, ಎಲ್ಲೆಡೆ ಕೈಯಾಡಿಸಲು ಜಾಗವಾಯಿತು. ಅಡಿಗೆ ಒಂದು ಮರದ ಪೆಟ್ಟಿಗೆ, ಅದರಲ್ಲಿ ಬಿಡಿ ಮಸೂರಗಳಿಗೆ ಸೆಳೆಖಾನೆ. ನನಗೆ ಬಲು ಇಷ್ಟವಾದದ್ದು ಆ ಕಂಬದ ಮೇಲೆ ಕೆತ್ತಿದ ಗೆರೆಗಳು. ಒಂದೊಂದು ಮಸೂರಕ್ಕೂ ಒಂದು ಅಂಕಿ. ಮೂರನೆಯ ಮಸೂರ ಹಾಕಿದ್ದರೆ ಜಾರುಪಟ್ಟಿಯನ್ನು ಮೂರನೆಯ ಗೆರೆಗೆ ತಂದು ಬಿಗಿ ಮಾಡಬೇಕು. ಸರಿಸುಮಾರು ಫೋಕಸ್ ಅಲ್ಲಿಗೆ ಬಂದಿರುತ್ತದೆ. ಆಮೇಲೆ ಉದ್ದನೆಯ ಸಣ್ಣ ತಿರುಪೊಂದನ್ನು ಮೆಲ್ಲಗೆ ತಿರುಗಿಸಿ ಉಳಿದದ್ದನ್ನು ಸೇರಿಸುವುದು. ತಂಬೂರಿ ಶ್ರುತಿ ಮಾಡುವವರು ಬಿರಡೆ ತಿರುಗಿಸಿ ಸ್ವರವನ್ನು ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯಷ್ಟನ್ನು ಮಣಿ ಸರಿಸಿ ಕೂಡಿಸುತ್ತಾರಲ್ಲ, ಹಾಗೆ. ಒರಟು ಚಲನೆ ಬೇರೆ, ನಯದ ಚಲನೆ ಬೇರೆ ಎಂದು ಎರಡನ್ನೂ ಬೇರ್ಪಡಿಸಿದ್ದೇ ಕಫ್‌ನ ಹೆಚ್ಚುಗಾರಿಕೆ. ಇವತ್ತು ಯಾವ ಕಾಲೇಜಿನ ಪ್ರಯೋಗಾಲಯಕ್ಕೆ ಹೋದರೂ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಒಂದು ದೊಡ್ಡ ಗುಬುಟು, ಒಂದು ಚಿಕ್ಕ ಗುಬುಟು ಇರುತ್ತವೆ.

ಹೇಳುವುದು ಸುಲಭ, ಆ ತಿರುಪನ್ನು ಮಾಡುವುದು ಹಾಗಿರಲಿಲ್ಲ. ತಿರುಪನ್ನು ನಿಖರವಾಗಿ ಕೊರೆಯುವ ಲೇತ್ ಯಂತ್ರ ಹೆನ್ರಿ ಮಾಡ್ಸ್‌ಲಿಯ ಕೈಯಲ್ಲಿ ರೂಪುಗೊಂಡದ್ದು 1800ರ ಆಸುಪಾಸಿನಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲು, ಕೈಯ ಅಂದಾಜಿನಲ್ಲೇ ಹಲ್ಲು ಕೊರೆಯಬೇಕಿತ್ತು. ಒಂದು ಸುತ್ತಿನಲ್ಲಿ ಹಲ್ಲು ತುಸು ಆಳವಾದರೂ ಫೋಕಸ್ ಮಾಡುವಾಗ ಅದು ಬೆರಳಿಗೆ ತಾಕುತ್ತದೆ. ತಿರುಗಿಸಿದರೂ ಮೊದಲು ಸ್ವಲ್ಪ ಹೊತ್ತು ಏನೂ ಆಗದೆ, ಆಮೇಲೆ ತಟಕ್ಕನೆ ಚಲಿಸುವ ದೋಷವೂ ಇಂಥಲ್ಲೇ ಹುಟ್ಟುವುದು. ಕೊಳವೆಯದು ಇನ್ನೊಂದು ಕಥೆ. ತಗಡನ್ನು ಗುಂಡಗೆ ಸುತ್ತಿ ಅಂಚು ಬೆಸೆದು, ಬೆಸುಗೆಯ ಗೆರೆ ಕಾಣದಂತೆ ಅರ ಹಾಕಿ, ಒಂದರೊಳಗೊಂದು ಜಾರುವಂತೆ ಮಾಡಬೇಕು. ಬಿಗಿಯಾದರೆ ಕಲ್ಪೆಪರನ ಕೊಳವೆಯ ಹಾಗೆ ಎಗರುತ್ತದೆ. ಸಡಿಲವಾದರೆ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಮಸೂರವನ್ನು ವಸ್ತುವಿನ ಮೇಲೆ ಕುಟ್ಟುತ್ತದೆ. ಇದಕ್ಕೆ ಅಳತೆಪಟ್ಟಿ ಇಲ್ಲ. ಹದ ತಿಳಿಯುವುದು ಅಂಗೈಗೆ, ಅದೂ ಹಲವು ವರ್ಷ ಹಾಳುಮಾಡಿದ ಮೇಲೆ.

ಈ ಮಾದರಿಯನ್ನು ಲಂಡನ್ನಿನ ಉಳಿದ ಅಂಗಡಿಗಳೂ ಯುರೋಪಿನವರೂ ಎತ್ತಿಕೊಂಡರು, ಮಾಡಿ ಮಾರಿದರು. ಕನ್ನಡಕ ತಯಾರಕರ ಸಂಘದ ಮುಖ್ಯಸ್ಥನಾಗಿದ್ದ ಕಫ್ ಮಾತ್ರ 1750ರಲ್ಲಿ ದಿವಾಳಿಯಾದ. ಕೆಲವು ವರ್ಷಗಳಲ್ಲಿ ಬೆಂಜಮಿನ್ ಮಾರ್ಟಿನ್ ಎಂಬವನು ಅದೇ ಫ್ಲೀಟ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ. ಮಾರ್ಟಿನ್ ಉಪನ್ಯಾಸಕಾರ, ಪುಸ್ತಕ ಬರೆಯುವವನು, ಜಾಹೀರಾತಿನ ಗುಟ್ಟು ಬಲ್ಲವನು. ಕೈ ಚೆನ್ನಾಗಿದ್ದವನಿಗಿಂತ ಬಾಯಿ ಚೆನ್ನಾಗಿದ್ದವನು ಗೆದ್ದ ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತದೆ, ಆದರೆ ಅದು ಪೂರ್ತಿ ನ್ಯಾಯವಲ್ಲ. ಮಾರ್ಟಿನ್ ಕೂಡ ಒಳ್ಳೆಯ ಉಪಕರಣಗಳನ್ನೇ ಮಾರಿದ.

ಮುದುಕನಾದ ಕಫ್ ನಮಗೆ ಸಿಗುವುದು ಒಂದು ಚಿತ್ರದಲ್ಲಿ. ಯೋಹಾನ್ ಜೋಫನಿ 1772ರಲ್ಲಿ ಬರೆದದ್ದು, ಈಗ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಉಪಕರಣಗಳು ಹರಡಿದ ಬೆಂಚಿನ ಹಿಂದೆ ಒಬ್ಬ ವೃದ್ಧ ಕುಶಲಕರ್ಮಿ, ಜೊತೆಗೆ ಅವನ ಸಹಾಯಕ. ಪ್ರದರ್ಶನಕ್ಕಿಟ್ಟಾಗ ಅದರ ಹೆಸರು ಬರೀ ಒಬ್ಬ ಕನ್ನಡಕದವನು ಮತ್ತು ಅವನ ಆಳು ಎಂಬರ್ಥದ್ದು. ಚಿತ್ರದಲ್ಲಿರುವವನು ಕಫ್ ಎಂದು ಈಗ ಗುರುತಿಸಿದ್ದಾರೆ. ಸಹಾಯಕನಿಗೆ ಇಂದಿಗೂ ಹೆಸರಿಲ್ಲ. ಆ ಕಾಲದ ಲೇಖಕ ಹೊರೇಸ್ ವಾಲ್ಪೋಲ್ ಈ ಚಿತ್ರದ ಮುಖಗಳು ತೀರಾ ಸಾಧಾರಣವಾದವು ಎಂದು ಮೂಗು ಮುರಿದನಂತೆ. ದೇವತೆಗಳ, ದೊರೆಗಳ ಮುಖ ನೋಡಿ ರೂಢಿಯಾದ ಕಣ್ಣಿಗೆ ಬೆಂಚಿನ ಹಿಂದೆ ಕೂತವನ ಮುಖ ಹಾಗೆ ಕಂಡಿರಬೇಕು. ಆ ಕಾಲದ ದೊರೆ ಮೂರನೆಯ ಜಾರ್ಜನಿಗೆ ಜಾರ್ಜ್ ಆಡಮ್ಸ್ ಮಾಡಿಕೊಟ್ಟ ಬೆಳ್ಳಿಯ ಸೂಕ್ಷ್ಮದರ್ಶಕವೂ ಉಳಿದಿದೆ: ಕಂಬ, ಗೊಂಬೆ, ಹೂಬಳ್ಳಿ, ಏನುಂಟು ಏನಿಲ್ಲ. ಬೆಳ್ಳಿಕೆಲಸ ಅದ್ಭುತ. ಆದರೆ ಕೂತು ಒಂದು ಹುಳುವನ್ನು ನೋಡಬೇಕೆಂದರೆ ನಾನು ಕಫ್‌ನ ಅಂಗಡಿಗೇ ಹೋಗುತ್ತೇನೆ.

ಹಿತ್ತಾಳೆಯ ಮೇಲೆ ಕೆತ್ತಿದ ಹೆಸರನ್ನು ನಂಬಬಾರದು ಎಂಬುದಕ್ಕೆ ಜಾರ್ಜ್ ಬ್ಯಾಸ್ ಪ್ರಸಂಗ ಸಾಕು. ಒಂಟಿ ಮಸೂರ ಯಾವುದನ್ನು ತೋರಿಸಿದರೂ ಅಂಚಿಗೆ ಬಣ್ಣದ ಗೆರೆ ಕಟ್ಟಿಯೇ ತೋರಿಸುತ್ತದೆ. ಎರಡು ಬಗೆಯ ಗಾಜು ಜೋಡಿಸಿದರೆ ಈ ಬಣ್ಣ ಹೋಗುತ್ತದೆಂದು 1730ರ ಸುಮಾರಿಗೆ ಹೊಳೆದದ್ದು ಚೆಸ್ಟರ್ ಮೂರ್ ಹಾಲ್ ಎಂಬ ವಕೀಲನಿಗೆ. ಗುಟ್ಟು ಬಯಲಾಗದಿರಲೆಂದು ಅವನು ಒಂದು ಮಸೂರವನ್ನು ಒಬ್ಬ ಅಂಗಡಿಯವನಿಗೂ ಇನ್ನೊಂದನ್ನು ಮತ್ತೊಬ್ಬನಿಗೂ ಕೊಟ್ಟ. ಆ ಇಬ್ಬರೂ ತಾವು ಸಾಣೆ ಹಿಡಿಯದೆ ಕೆಲಸವನ್ನು ಹೊರಗೆ ಕೊಟ್ಟರು; ಇಬ್ಬರೂ ಕೊಟ್ಟದ್ದು ಒಬ್ಬನಿಗೇ, ಅವನೇ ಬ್ಯಾಸ್. ಎರಡು ಗಾಜೂ ಒಂದೇ ಗಿರಾಕಿಯದೆಂದು ತಿಳಿದು, ಒಂದರ ಮೇಲೊಂದು ಇಟ್ಟು ನೋಡಿದ, ಅಷ್ಟೆ. ಮುಂದೆ 1758ರಲ್ಲಿ ಹಕ್ಕುಪತ್ರ ಪಡೆದವನು ಜಾನ್ ಡಾಲಂಡ್. ಹೆಸರು ಕೂತದ್ದು ಅವನದು, ಮೊದಲು ಹೊಳೆದದ್ದು ಹಾಲ್‌ಗೆ, ಅರೆದವನು ಬ್ಯಾಸ್. ಲಂಡನ್ನಿನ ಹಿತ್ತಿಲ ಕೋಣೆಗಳಲ್ಲಿ ಹೀಗೆ ಎರಕ ಹೊಯ್ಯುವವರು, ಕಡೆಯುವವರು, ಸಾಣೆಯವರು, ಅಕ್ಷರ ಕೆತ್ತುವವರು ಬೇರೆಬೇರೆ ಇದ್ದರು. ಅಕ್ಷರ ಕೆತ್ತಿದವನು ಕೂಡ ಕೆತ್ತಿದ್ದು ಬೇರೆಯವರ ಹೆಸರನ್ನೇ.

ಈ ಹಿತ್ತಾಳೆ ಮುನ್ನೂರು ವರ್ಷವಾದರೂ ಕಪ್ಪಾಗದೆ ಹೊಂಬಣ್ಣ ಉಳಿಸಿಕೊಂಡಿದ್ದರೆ ಅದಕ್ಕೆ ಕಾರಣ ಮೈಮೇಲಿನ ತೆಳ್ಳಗಿನ ಮೆರುಗು. ಅದು ನಮ್ಮ ಕಡೆಯದು. ಅರಗು. ಬಂಗಾಳ, ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ ಮರಗಳ ಕೊಂಬೆಗೆ ಕಚ್ಚಿಕೊಂಡು ಅರಗಿನ ಹುಳು ಸ್ರವಿಸಿದ್ದನ್ನು ಕೆರೆದು, ಕರಗಿಸಿ, ತೆಳ್ಳಗೆ ಹಿಗ್ಗಿಸಿ ಚಕ್ಕೆ ಮಾಡಿ ಹಡಗಿಗೆ ಹಾಕುತ್ತಿದ್ದರು. ಲಂಡನ್ನಿನ ಮೆರುಗುಗಾರ ಅದನ್ನು ಮದ್ಯಸಾರದಲ್ಲಿ ಕರಗಿಸಿ, ಬಣ್ಣಕ್ಕೆ ಅರಿಶಿನ, ಕೇಸರಿ, ಕೆಂಪು ರಾಳ ಬೆರೆಸಿ, ಹಿತ್ತಾಳೆಯನ್ನು ಹದವಾಗಿ ಬಿಸಿಮಾಡಿ ಒಂದೇ ಕೈಯಲ್ಲಿ ಬಳಿಯುತ್ತಿದ್ದ. ಬಳಿದದ್ದರ ಮೇಲೆ ಇನ್ನೊಮ್ಮೆ ಕುಂಚ ಆಡಿದರೆ ಕಲೆ. ಬಿಸಿ ಹೆಚ್ಚಾದರೆ ಗುಳ್ಳೆ, ಕಡಿಮೆಯಾದರೆ ಮಂಕು. ನಮ್ಮ ಚನ್ನಪಟ್ಟಣದಲ್ಲಿ ಇದೇ ಅರಗನ್ನು ತಿರುಗುವ ಹಾಲೆ ಮರದ ಗೊಂಬೆಗೆ ಒತ್ತಿ ಹಿಡಿಯುತ್ತಾರೆ; ಉಜ್ಜಾಟದ ಕಾವಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಅಲ್ಲೂ ಕಾವಿನ ಹದ ಕೈಗೆ ತಿಳಿಯಬೇಕು, ಥರ್ಮಾಮೀಟರು ಇಡಲು ಜಾಗವಿಲ್ಲ. ಹುಳುವಿನ ರಸ ಬಳಿದ ಕೊಳವೆಯೊಳಗಿಂದ ಯುರೋಪಿನವರು ಹುಳುಗಳನ್ನು ನೋಡುತ್ತ ಕೂತಿದ್ದರು ಎಂದರೆ ನಗು ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜು ಮತ್ತೆ ಮುಂದೆ ಬಂತು. ದ್ರಾಕ್ಷಾರಸದ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್, ಮುಂದೆ ಶಸ್ತ್ರಚಿಕಿತ್ಸೆಯ ನಂಜು ತಡೆದ ಲಿಸ್ಟರನ ತಂದೆ, ಮಸೂರಗಳನ್ನು ಹೇಗೆ ಜೋಡಿಸಿದರೆ ಒಂದರ ದೋಷ ಇನ್ನೊಂದು ಕಳೆಯುತ್ತದೆಂದು 1830ರಲ್ಲಿ ಬರೆದು ತೋರಿಸಿದ. ಅದಕ್ಕೆ ನಾಲ್ಕು ವರ್ಷ ಮೊದಲೇ ಅವನ ನಕ್ಷೆ ಹಿಡಿದು ಗಟ್ಟಿಮುಟ್ಟಾದ ಹಿತ್ತಾಳೆಯ ಮೈ ಕಟ್ಟಿಕೊಟ್ಟವನು ವಿಲಿಯಂ ಟುಲಿಯ ಅಂಗಡಿಗೆ ಕೆಲಸ ಮಾಡುತ್ತಿದ್ದ ಜೇಮ್ಸ್ ಸ್ಮಿತ್. ಸ್ಮಿತ್ ಮುಂದೆ ಸ್ವಂತ ಹೆಸರಿನಲ್ಲಿ ನಿಂತ; ಹ್ಯೂ ಪೊವೆಲ್, ಆಂಡ್ರೂ ರಾಸ್, ಸ್ಮಿತ್ ಈ ಮೂವರು ಲಂಡನ್ನಿನ ಹೆಸರಾಂತ ತಯಾರಕರಾದರು. ಪೊವೆಲ್ ಮತ್ತು ಲೇಲಂಡ್ ಅಂಗಡಿಯ ಪ್ರಬಲ ಮಸೂರಗಳಲ್ಲಿ ಮುಂದಿನ ಗಾಜು ಗುಂಡುಸೂಜಿಯ ತಲೆಗಿಂತ ಚಿಕ್ಕದು. ಅದನ್ನು ಹಿಡಿಯುವುದೇ ಕಷ್ಟ, ಅರೆದು ಹೊಳಪು ಕೊಟ್ಟವರ ಕೈ ಎಂಥದ್ದಿರಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಜರ್ಮನಿಯ ಯೇನಾ ಊರಿನ ಕಥೆ ಹೇಳದಿದ್ದರೆ ಮೋಸವಾಗುತ್ತದೆ. ಕಾರ್ಲ್ ಝೈಸ್ 1846ರಲ್ಲಿ ಅಲ್ಲಿ ಕಾರ್ಯಾಗಾರ ತೆರೆದಾಗ ಎಲ್ಲರಂತೆ ಅವನದೂ ಮಾಡಿ ನೋಡು, ಸರಿಯಾಗದಿದ್ದರೆ ಬದಲಿಸು ಎಂಬ ಪದ್ಧತಿ. ಮಸೂರಗಳ ರಾಶಿಯಿಂದ ಹೊಂದುವಂಥವನ್ನು ಆರಿಸಿ ಆರಿಸಿ ಜೋಡಿಸುವುದು. 1866ರಲ್ಲಿ ಜೊತೆಗೂಡಿದ ಭೌತವಿಜ್ಞಾನಿ ಅರ್ನ್‌ಸ್ಟ್ ಆಬೆ ಎಲ್ಲವನ್ನೂ ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕೆಂದ, 1873ರಲ್ಲಿ ಬೆಳಕಿನ ಅಲೆಯ ಕಾರಣದಿಂದ ಸೂಕ್ಷ್ಮದರ್ಶಕಕ್ಕೆ ಇಂತಿಷ್ಟೇ ಎಂಬ ಮಿತಿ ಇದೆಯೆಂದೂ ತೋರಿಸಿದ. ಕೈಯ ಹದ ಸೋತಿತು, ಲೆಕ್ಕ ಗೆದ್ದಿತು. ಕುಶಲಕರ್ಮಿಯ ಬಗ್ಗೆ ಬರೆಯುವವರು ಇಲ್ಲಿ ಒಂದು ನಿಟ್ಟುಸಿರು ಬಿಡುವುದು ರೂಢಿ. ನನಗೆ ಅದು ಬರುವುದಿಲ್ಲ. ಅದೇ ಆಬೆ 1889ರಲ್ಲಿ ಪ್ರತಿಷ್ಠಾನ ಕಟ್ಟಿ ಕಂಪನಿಯ ಒಡೆತನವನ್ನು ಅದಕ್ಕೆ ವರ್ಗಾಯಿಸುತ್ತ ಹೋದ. 1900ರಲ್ಲಿ ಅಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆ ಬಂತು. ಅವನ ತಂದೆ ಗಿರಣಿಯಲ್ಲಿ ದುಡಿದವನು, ಹದಿನಾಲ್ಕು ಹದಿನಾರು ಗಂಟೆ ನಿಂತೇ ದುಡಿಯುವುದು ಏನೆಂದು ಮಗನಿಗೆ ಗೊತ್ತಿತ್ತು. ಬ್ಯಾಸ್‌ನಂಥವರ ಹಿತ್ತಿಲ ಕೋಣೆಗೆ ಇಂಥ ಕಾನೂನು ಯಾರೂ ತಂದಿರಲಿಲ್ಲ. ಹದದ ಸೊಗಸನ್ನು ನಾವು ದೂರದಿಂದ ಮೆಚ್ಚುತ್ತೇವೆ, ಹದ ಕಲಿಯುತ್ತ ಬೆನ್ನು ಬಾಗಿಸಿಕೊಂಡವರು ಏನೆನ್ನುತ್ತಿದ್ದರೋ.

ಹಿತ್ತಾಳೆ, ಉಕ್ಕು ಬೆವರಿಗೆ ಸೋಲುತ್ತವೆ ಎಂದು ತಿಳಿಯಲು ನಮ್ಮ ದೇಶದ ಬಿಸಿಲೇ ಬೇಕಾಯಿತು. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ಬಂಗಲೆಯ ಬಳಿ ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆಂದು ಅವನು ಗಮನಿಸಿದ್ದು ಇಲ್ಲೇ. ಹದಿನಾಲ್ಕು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. ಆ ದಿನಗಳಲ್ಲಿ ಅವನ ಹಣೆಯ, ಕೈಯ ಬೆವರು ಇಳಿದು ಸೂಕ್ಷ್ಮದರ್ಶಕದ ತಿರುಪುಗಳೆಲ್ಲ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣಿನ ಮಸೂರವೂ ಬಿರುಕು ಬಿಟ್ಟಿತ್ತು ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಪಂಖಾ ಹಾಕಿಸಿದರೆ ಸೊಳ್ಳೆ ಹಾರಿಹೋಗುತ್ತವೆ, ಆದ್ದರಿಂದ ಅದೂ ಇಲ್ಲ. ತುಕ್ಕು ಹಿಡಿದ ತಿರುಪಿನಲ್ಲೂ ಆ ಒಂದು ತೆಳು ಪದರವನ್ನು ಹುಡುಕಿ ನಿಲ್ಲಿಸಿದ್ದು ರಾಸ್‌ನ ಹಟವೋ, ತಿರುಪು ಕೊರೆದವನ ಕೈಗುಣವೋ? ನನ್ನ ಮಟ್ಟಿಗೆ ಅರ್ಧ ಪಾಲು ಎರಡನೆಯವನಿಗೆ.

ಇಪ್ಪತ್ತನೆಯ ಶತಮಾನ ಬಂದಂತೆ ಸೂಕ್ಷ್ಮದರ್ಶಕಗಳು ಕಪ್ಪು ಬಣ್ಣ ಬಳಿದುಕೊಂಡವು. ಹೊಂಬಣ್ಣದ ಹಿತ್ತಾಳೆ ಅಲಂಕಾರದ ಸಾಮಾನಾಯಿತು. ಈಗ ಉತ್ತರ ಭಾರತದ ಹಿತ್ತಾಳೆ ಕೆಲಸದ ಊರುಗಳಲ್ಲಿ ಹಳೆಯ ಮಾದರಿಯ ಸೂಕ್ಷ್ಮದರ್ಶಕಗಳನ್ನು ಹೊಸದಾಗಿ ಮಾಡುತ್ತಾರೆ, ಕೆಲವದರ ಮೇಲೆ ಲಂಡನ್ ಎಂದೂ ಕೆತ್ತಿರುತ್ತಾರೆ. ಸಂಗ್ರಹಕಾರರಿಗೆ ಇದರ ಮೇಲೆ ಸಿಟ್ಟು. ಹಳೆಯದೆಂದು ಹೇಳಿ ಮಾರುವವನ ಮೇಲೆ ನನಗೂ ಸಿಟ್ಟಿದೆ, ಮಾಡುವವನ ಮೇಲಿಲ್ಲ. ಅಕ್ಷರ ಕೆತ್ತಿದವನು ಬೇರೆಯವರ ಹೆಸರನ್ನೇ ಕೆತ್ತುವುದು ಈ ಕಸುಬಿನಲ್ಲಿ ಹೊಸತೇನಲ್ಲವಲ್ಲ.

ಹಿತ್ತಾಳೆಯ ಕಾಲದಿಂದ ಬಳಕೆಯಲ್ಲೇ ಉಳಿದು ಬಂದದ್ದು ಒಂದಿದೆ. ಮೊದಲು ಪ್ರತಿ ಅಂಗಡಿಯ ಮಸೂರಕ್ಕೂ ಅದರದೇ ಅಳತೆಯ ತಿರುಪು. ಆಂಡ್ರೂ ರಾಸ್ ಅಂಗಡಿಯದು ಪೊವೆಲ್ ಅಂಗಡಿಯ ಕೊಳವೆಗೆ ಕೂರುತ್ತಿರಲಿಲ್ಲ. 1839ರಲ್ಲಿ ಹುಟ್ಟಿದ ಲಂಡನ್ನಿನ ಸೂಕ್ಷ್ಮದರ್ಶಕ ಸಂಘ 1858ರ ಹೊತ್ತಿಗೆ ಎಲ್ಲರಿಗೂ ಒಂದೇ ಅಳತೆ ನಿಗದಿ ಮಾಡಿತು: ಅಡ್ಡಳತೆ 0.8 ಇಂಚು, ಅಂದರೆ 20.32 ಮಿಲಿಮೀಟರ್, ಇಂಚಿಗೆ 36 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ತನ್ನ ತಿರುಪೇ ಮೇಲು ಎನ್ನುವ ತಯಾರಕರನ್ನು ಒಪ್ಪಿಸುವುದು ಮಸೂರ ಅರೆಯುವುದಕ್ಕಿಂತ ಕಷ್ಟವಿದ್ದೀತು. ನಮ್ಮ ಕಾಲೇಜುಗಳಲ್ಲಿ ಮಕ್ಕಳು ಈರುಳ್ಳಿ ಸಿಪ್ಪೆ ನೋಡುವ ಸಾಮಾನ್ಯ ಸೂಕ್ಷ್ಮದರ್ಶಕದ ಮಸೂರವನ್ನು ಬಿಚ್ಚಿ ನೋಡಿದರೆ ಬಹುಪಾಲು ಅದೇ ತಿರುಪು. 1860ರ ದಶಕದ ಹಿತ್ತಾಳೆ ಮಸೂರವೊಂದು ಕೈಗೆ ಸಿಕ್ಕರೆ ಅದು ಇದಕ್ಕೆ ಹೊಂದಿಕೊಂಡೀತು. ಬಿಂಬ ಮಾತ್ರ ತುಸು ಕೆಟ್ಟಿರುತ್ತದೆ: ಆಗಿನ ಇಂಗ್ಲಿಷ್ ಕೊಳವೆ ಹತ್ತು ಇಂಚಿನ ಲೆಕ್ಕದ್ದು, ಇದು 160 ಮಿಲಿಮೀಟರಿನದು. ನಡುವೆ ಒಂದು ತುಂಡು ಕೊಳವೆ ಸೇರಿಸಿಕೊಳ್ಳಬೇಕು, ಅದನ್ನು ಊರಿನ ಲೇತ್ ಅಂಗಡಿಯಲ್ಲೇ ಕಡೆಸಿಕೊಳ್ಳಬಹುದು.